240ಝಡ್‌ಗೆ ದೊಡ್ಡ ಎಂಜಿನ್: ನನ್ನ ಗ್ಯಾರೇಜ್ ಅನುಭವ

ನನ್ನ ಹತ್ತಿರ ಇರುವುದು 1972ರ ಡಾಟ್ಸನ್ 240ಝಡ್. ನಿಸಾನ್ 1969ರ ಕೊನೆಯಲ್ಲಿ ಹೊರತಂದ ಎರಡು ಸೀಟಿನ ಕಾರು. ಜಪಾನಿನಲ್ಲಿ ಇದರ ಹೆಸರು ಫೇರ್‌ಲೇಡಿ ಝಡ್. ಆ ಹೆಸರು ಅಮೆರಿಕದಲ್ಲಿ ನಡೆಯಲ್ಲ ಅಂತ ಅಲ್ಲಿ ನಿಸಾನ್ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುಟಾಕಾ ಕತಯಾಮ ಹಠ ಹಿಡಿದು ಬ್ಯಾಡ್ಜ್ ಬದಲಾಯಿಸಿದರು. ಆಗ ಬೆಲೆ ಸುಮಾರು 3,500 ಡಾಲರ್. ಈಗಿನ ಬೆಲೆ ಕೇಳಬೇಡಿ.

ನಾನಿರುವುದು ಸ್ಯಾನ್ ಹೋಸೆ ಹತ್ತಿರ. ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾರಿನ ಎಂಜಿನ್ ಮುಟ್ಟುವ ಮೊದಲು ಒಂದು ವಿಷಯ ಗೊತ್ತಿರಬೇಕು. 1975 ಮತ್ತು ಅದಕ್ಕಿಂತ ಹಿಂದಿನ ಮಾಡೆಲ್‌ಗಳಿಗೆ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಇಲ್ಲ. 1976ರಿಂದ ಈಚಿನ ಕಾರಾದರೆ ಒಂದು ಪೈಪ್ ಬದಲಾಯಿಸುವುದಕ್ಕೂ ಹತ್ತು ಸಲ ಯೋಚಿಸಬೇಕು. ನನ್ನದು 1972, ಬಚಾವ್.

ಕಾರಿನ ಜೊತೆ ಬಂದ ಎಂಜಿನ್ ಎಲ್24. ಆರು ಸಿಲಿಂಡರ್, 2393 ಸಿಸಿ, ಬೋರ್ (ಸಿಲಿಂಡರ್ ಅಗಲ) 83 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 73.7. ಎರಕದ ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ಮೇಲೆ ಚೈನ್‌ನಿಂದ ತಿರುಗುವ ಒಂದೇ ಕ್ಯಾಮ್, ಅಂದರೆ ವಾಲ್ವ್ ತೆರೆಯುವ ಶಾಫ್ಟ್. ಅದನ್ನು ನಾನು ಬಿಚ್ಚಲಿಲ್ಲ. ಕಾರಿನ ಜೊತೆ ಹುಟ್ಟಿದ ಎಂಜಿನ್ ಜೊತೆಗಿದ್ದರೆ ಮುಂದೆ ಮಾರುವಾಗ ಬೆಲೆ ಜಾಸ್ತಿ. ಹಾಗಾಗಿ ಎಣ್ಣೆ ಹಾಕಿ, ಸುತ್ತಿ, ಮೂಲೆಯಲ್ಲಿಟ್ಟೆ. ಗ್ಯಾರೇಜಿನಲ್ಲಿ ಮನೆಯ ಇನ್ನೊಂದು ಕಾರಿಗೆ ಜಾಗ ಇಲ್ಲದೆ ಎಷ್ಟೋ ದಿನ ಆಯ್ತು. ಅದು ಬೇರೆ ಜಗಳ.

ಅದರ ಜಾಗಕ್ಕೆ ಇದೇ ಸಾಲಿನ ಮುಂದಿನ ಮಾಡೆಲ್ 280ಝಡ್ ಕಾರಿನ ಎಲ್28 ತಂದೆ. 86 ಮಿ.ಮೀ. ಬೋರ್, 79 ಸ್ಟ್ರೋಕ್, 2753 ಸಿಸಿ. ಒಂದೇ ಮನೆತನದ ಎಂಜಿನ್, ಅದೇ ಮೌಂಟ್ ಮೇಲೆ ಕೂರುತ್ತದೆ, ಹಳೇ ಗೇರ್‌ಬಾಕ್ಸೇ ಸಾಕು. ಬಾನೆಟ್ ತೆಗೆದರೂ ಗೊತ್ತಿಲ್ಲದವರಿಗೆ ವ್ಯತ್ಯಾಸ ಕಾಣಲ್ಲ. ಡೀಸೆಲ್ ಎಲ್‌ಡಿ28ರ 83 ಮಿ.ಮೀ. ಸ್ಟ್ರೋಕಿನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಹಾಕಿ ಇನ್ನೂ ದೊಡ್ಡದು ಮಾಡುವವರಿದ್ದಾರೆ. ಆ ಕ್ರ್ಯಾಂಕ್ ಹುಡುಕುವ ಕಷ್ಟಕ್ಕೆ ನನ್ನ ಲೆಕ್ಕದಲ್ಲಿ ಅದು ಬೇಡ.

ಇಲ್ಲಿ ಹೊಸಬರು ಮೊದಲು ಕೊಳ್ಳುವುದು ಮೂರು ವೆಬರ್ ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ). ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಸೌಂಡೂ ಸೂಪರ್. ಆದರೆ ಎಲ್ ಎಂಜಿನ್‌ಗೆ ದುಡ್ಡು ಹಾಕುವುದಿದ್ದರೆ ಮೊದಲು ಮೈಕ್ರೋಮೀಟರ್, ಬೋರ್ ಗೇಜ್, ಒಳ್ಳೆಯ ಫೀಲರ್ ಗೇಜ್, ಹೀಗೆ ಅಳತೆಯ ಸಾಧನ ಕೊಳ್ಳಿ. ಕಾರ್ಬೊರೇಟರ್ ಕೊನೆಗೆ.

ಎಲ್28 ಸ್ಟ್ಯಾಂಡ್ ಮೇಲೆ ಇದ್ದಾಗಲೇ ಸ್ಟಾರ್ಟರ್ ಕಟ್ಟಿ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದೆ. ಅತಿ ಕಡಿಮೆ ಸಿಲಿಂಡರ್, ಅತಿ ಹೆಚ್ಚಿನದರ ಶೇ. 80ಕ್ಕಿಂತ ಕೆಳಗೆ ಹೋಗಬಾರದು. ಐದನೇ ಸಿಲಿಂಡರ್ ಹೋಗಿತ್ತು. ಪ್ಲಗ್ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದರೆ ಏರಿತು. ಅಂದರೆ ತೊಂದರೆ ವಾಲ್ವ್‌ನದಲ್ಲ, ಪಿಸ್ಟನ್ ರಿಂಗ್‌ನದು. ಬಿಚ್ಚಿ ಬೋರ್ ಗೇಜ್ ಇಟ್ಟಾಗ ಮೇಲ್ಗಡೆ ಸವೆದು ಅಂಚು ಕಟ್ಟಿದ್ದು ಸ್ಪಷ್ಟವಾಯಿತು. ಒಂದು ಮಿ.ಮೀ. ದೊಡ್ಡ ಪಿಸ್ಟನ್‌ಗೆ, ಅಂದರೆ 87ಕ್ಕೆ, ಬೋರ್ ಹೊಡೆಸುವುದು ಅಂತ ತೀರ್ಮಾನ ಮಾಡಿದೆ. ದಾವಣಗೆರೆಯಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಸೋದರಮಾವನಿಗೆ ಫೋನಿನಲ್ಲಿ ಹೇಳಿದೆ. "ಪಿಸ್ಟನ್ ಕೈಗೆ ಬರೋವರೆಗೂ ಬೋರ್ ಹೊಡೆಸ್ಬೇಡ ಕಣೋ" ಅಂದರು. ಅದು ಸರಿ. ಡಬ್ಬಿ ಮೇಲೆ ಬರೆದ ಅಳತೆ ನಂಬುವಂತಿಲ್ಲ. ಒಂದೊಂದೇ ಪಿಸ್ಟನ್ ಅಳೆದು, ಅದಕ್ಕೆ ತಕ್ಕ ಹಾಗೆ ಆಯಾ ಬೋರ್ ಹೋನ್ ಮಾಡಬೇಕು, ಅಂದರೆ ನಯವಾಗಿ ಉಜ್ಜಿ ಅಳತೆಗೆ ತರಬೇಕು. ಪಿಸ್ಟನ್‌ಗಳ ಮೇಲೆ ನಂಬರ್ ಬರೆದೇ ಮೆಷಿನ್ ಶಾಪ್‌ಗೆ ಕೊಟ್ಟೆ.

ಕ್ರ್ಯಾಂಕ್ ಚೆನ್ನಾಗಿತ್ತು. ಪಾಲಿಶ್ ಮಾಡಿಸಿ ಹೊಸ ಬೇರಿಂಗ್ ಹಾಕಿದೆ, ಅಷ್ಟೇ.

ಹೆಡ್ ಕೆಲಸಕ್ಕೆ ಮಾತ್ರ ತಾಳ್ಮೆ ಬೇಕು. ಕ್ಯಾಮ್ ಕೂರುವ ಟವರ್‌ಗಳನ್ನು ಹೆಡ್‌ನ ಜೊತೆಯಲ್ಲೇ ಒಂದೇ ಸಾಲಿನಲ್ಲಿ ಕೊರೆದಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಕ್ಯಾಮ್ ಬಿಗಿಯಾಗುತ್ತದೆ. ಬಿಚ್ಚುವ ಮುಂಚೆಯೇ ಗುರುತು ಹಾಕಿಕೊಳ್ಳಿ. ಹೆಡ್ ಫೇಸಿಂಗ್ (ಕೆಳಮುಖ ಉಜ್ಜಿ ಸಮ ಮಾಡುವುದು) ಜಾಸ್ತಿ ಮಾಡಿಸಿದರೆ ಕ್ಯಾಮ್ ಕೆಳಗಿಳಿದು ಚೈನ್ ಸಡಿಲವಾಗುತ್ತದೆ. ಆಗ ಟವರ್ ಕೆಳಗೆ ಶಿಮ್ (ತೆಳು ತಗಡು) ಕೊಡಬೇಕು. ನಾನು ಬಾಗು ಹೋಗುವಷ್ಟು ಮಾತ್ರ ತೆಗೆಸಿದೆ.

ಹೆಡ್ ಎತ್ತುವ ಮೊದಲು ಚೈನ್ ನಡುವೆ ಮರದ ಬೆಣೆ ಇಳಿಸಬೇಕು. ಇಲ್ಲದಿದ್ದರೆ ಚೈನ್ ಸಡಿಲವಾಗಿ ಟೆನ್ಷನರ್ (ಚೈನ್ ಬಿಗಿ ಹಿಡಿಯುವ ಭಾಗ) ಹೊರಗೆ ಚಿಮ್ಮುತ್ತದೆ. ಅದನ್ನು ವಾಪಸ್ ಕೂರಿಸಲು ಮುಂದಿನ ಕವರ್ ಪೂರ್ತಿ ಬಿಚ್ಚಬೇಕು. ಎಂಜಿನ್ ಪೂರ್ತಿ ಬಿಚ್ಚುವವರಿಗೆ ಇದರ ಚಿಂತೆ ಇಲ್ಲ, ಹೆಡ್ ಗ್ಯಾಸ್ಕೆಟ್ ಮಾತ್ರ ಹಾಕುವವರಿಗೆ ಇದು ದೊಡ್ಡ ವಿಷಯ.

ಕ್ಯಾಮ್ ತುದಿಯ ಹಲ್ಲುಚಕ್ರದಲ್ಲಿ, ಅಂದರೆ ಸ್ಪ್ರಾಕೆಟ್‌ನಲ್ಲಿ 1, 2, 3 ಅಂತ ಮೂರು ತೂತುಗಳಿವೆ. ಹೊಸ ಚೈನ್‌ಗೆ 1. ಚೈನ್ ಹಿಗ್ಗಿದಂತೆ ಕ್ಯಾಮ್ ಟೈಮಿಂಗ್ ಹಿಂದೆ ಬೀಳುತ್ತದೆ. ಆಗ 2, ಆಮೇಲೆ 3. ಸ್ಪ್ರಾಕೆಟ್ ಮೇಲಿನ ಕಚ್ಚನ್ನು ಹಿಂದಿನ ಪ್ಲೇಟ್‌ನ ಗೀರಿನ ಜೊತೆ ಹೋಲಿಸಿ ನೋಡಿದರೆ ಎಷ್ಟು ಹಿಗ್ಗಿದೆ ಅಂತ ಗೊತ್ತಾಗುತ್ತದೆ. ಇಂಥ ವ್ಯವಸ್ಥೆಯನ್ನು ಕಾರ್ಖಾನೆಯಲ್ಲೇ ಮಾಡಿಟ್ಟವರ ಮೇಲೆ ನನಗೆ ಬಹಳ ಗೌರವ.

ನನ್ನ ಕ್ಯಾಮ್ ಮತ್ತೆ ಗ್ರೈಂಡ್ ಮಾಡಿಸಿದ್ದು. ಗ್ರೈಂಡ್ ಆದ ಕ್ಯಾಮ್‌ನ ಲೋಬ್ (ವಾಲ್ವ್ ತಳ್ಳುವ ಉಬ್ಬು) ಬುಡ ಚಿಕ್ಕದಾಗಿರುತ್ತದೆ. ಹಾಗಾಗಿ ವಾಲ್ವ್ ಮೇಲಿನ ಲ್ಯಾಶ್ ಪ್ಯಾಡ್ (ಪುಟ್ಟ ಲೋಹದ ಬಿಲ್ಲೆ) ದಪ್ಪ ಬದಲಾಯಿಸಲೇಬೇಕು. ಎಷ್ಟು ದಪ್ಪ ಅಂತ ತಿಳಿಯಲು ಕಪ್ಪು ಮಾರ್ಕರ್ ಸಾಕು. ಲೋಬ್ ಮತ್ತು ವಾಲ್ವ್ ನಡುವೆ ರಾಕರ್ ಅನ್ನುವ ತೋಳು ಇರುತ್ತದೆ. ರಾಕರ್‌ನ ಮುಖಕ್ಕೆ ಮಾರ್ಕರ್ ಬಳಿದು, ಕ್ಯಾಮನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ರಾಕರ್ ತೆಗೆದು ನೋಡಿ. ಲೋಬ್ ಉಜ್ಜಿದ ಕಡೆ ಶಾಯಿ ಹೋಗಿ ಬೆಳ್ಳಗೆ ಪಟ್ಟಿ ಕಾಣುತ್ತದೆ. ಆ ಪಟ್ಟಿ ಮುಖದ ನಡುವೆ ಇರಬೇಕು. ನನ್ನದು ಒಂದು ತುದಿಯಿಂದ ಜಾರಿ ಹೊರಗೆ ಹೋಗುವಂತಿತ್ತು. ಹಾಗೇ ಓಡಿಸಿದ್ದರೆ ಲೋಬ್, ರಾಕರ್ ಎರಡೂ ಚೂರು. ದಪ್ಪ ಪ್ಯಾಡ್ ತರಿಸಿ ಹನ್ನೆರಡು ವಾಲ್ವ್‌ಗೂ ಇದೇ ಕೆಲಸ. ಬೇಜಾರಿನ ಕೆಲಸ ನಿಜ. ಆದರೆ ಇಡೀ ಎಂಜಿನ್‌ನಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸವೂ ಇದೇ. ಆಮೇಲೆ ಟ್ಯಾಪೆಟ್ ಗ್ಯಾಪ್ (ಕ್ಯಾಮ್ ಮತ್ತು ರಾಕರ್ ನಡುವಿನ ಸಂದು): ತಣ್ಣಗಿರುವಾಗ ಇನ್‌ಟೇಕ್ 0.20 ಮಿ.ಮೀ., ಎಕ್ಸಾಸ್ಟ್ 0.25. ಬಿಸಿಯಾದ ಮೇಲೆ 0.25 ಮತ್ತು 0.30.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸುವ ಸ್ಪಿಂಡಲ್ ಆಯಿಲ್ ಪಂಪ್ ಜೊತೆ ಕೆಳಗಿನಿಂದ ಬರುತ್ತದೆ. ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿ ಮೇಲ್ಗಡೆ ಬಂದಾಗ ಸ್ಪಿಂಡಲ್‌ನ ತುದಿ ಗಡಿಯಾರದ 11:25ರ ಮುಳ್ಳುಗಳ ಹಾಗೆ ನಿಲ್ಲಬೇಕು. ಒಂದು ಹಲ್ಲು ತಪ್ಪಿದರೂ ಡಿಸ್ಟ್ರಿಬ್ಯೂಟರ್ ಎಷ್ಟು ತಿರುಗಿಸಿದರೂ ಟೈಮಿಂಗ್ ಸಿಗಲ್ಲ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಕ್ರಮ) 1-5-3-6-2-4. ಹಳೇ ಪಾಯಿಂಟ್ (ಕರೆಂಟ್ ಕಡಿಯುವ ಸ್ವಿಚ್) ಬಿಟ್ಟು 280ಝಡ್‌ಎಕ್ಸ್‌ನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿದೆ. ಹಾಕುವಾಗ ಒಂದು ಎಚ್ಚರ: 240ಝಡ್‌ನ ಟ್ಯಾಕೋಮೀಟರ್ (ಆರ್‌ಪಿಎಂ ತೋರಿಸುವ ಮೀಟರ್) ಕಾಯಿಲ್‌ಗೆ ಹೋಗುವ ಕರೆಂಟನ್ನೇ ನೋಡಿ ಮುಳ್ಳು ಎತ್ತುತ್ತದೆ. ವೈರಿಂಗ್ ಅದನ್ನು ಬಿಟ್ಟು ಹೋದರೆ ಮುಳ್ಳು ಏಳಲ್ಲ.

ಕಾರ್ಬೊರೇಟರ್‌ಗೆ ನನ್ನ ಆಯ್ಕೆ ಹಳೇ ಗುಂಡು ತಲೆಯ ಹಿಟಾಚಿ ಎಸ್‌ಯು ಜೋಡಿ. 1973-74ರ ಚಪ್ಪಟೆ ತಲೆಯವು ಬೇಡ, ಪೀಡೆ. ಗುಂಡು ತಲೆಯದರಲ್ಲಿ ಡೋಮ್ ಮತ್ತು ಪಿಸ್ಟನ್ ಜೋಡಿಯಾಗಿರುತ್ತವೆ, ಅದಲು ಬದಲು ಮಾಡಬಾರದು. ಜೆಟ್ ನಟ್ (ಪೆಟ್ರೋಲ್ ಹೊಂದಿಸುವ ನಟ್) ಪೂರ್ತಿ ಮೇಲಕ್ಕೆ ತಂದು ಎರಡೂವರೆ ಸುತ್ತು ಕೆಳಗೆ ಬಿಟ್ಟು ಶುರು ಮಾಡಿ. ಎಂಜಿನ್ ಬಿಸಿಯಾದ ಮೇಲೆ ಒಂದೊಂದು ಕಾರ್ಬೊರೇಟರ್‌ನ ಪಿಸ್ಟನ್ ಕೂದಲೆಳೆಯಷ್ಟು ಎತ್ತಿ ನೋಡಿ. ಆರ್‌ಪಿಎಂ ಸ್ವಲ್ಪ ಏರಿ ಇಳಿದರೆ ಸರಿ. ಏರುತ್ತಲೇ ಹೋದರೆ ಪೆಟ್ರೋಲ್ ಜಾಸ್ತಿ. ಎಂಜಿನ್ ನಿಂತು ಹೋದರೆ ಕಡಿಮೆ. ದೊಡ್ಡ ಎಂಜಿನ್‌ಗೆ ಹಳೇ ನೀಡಲ್ (ಪೆಟ್ರೋಲ್ ಪ್ರಮಾಣ ನಿರ್ಧರಿಸುವ ಸೂಜಿ) ಸಾಕಾಗಲಿಲ್ಲ, ಎಸ್‌ಎಂ ನೀಡಲ್ ಹಾಕಿದ ಮೇಲೆ ಮೂರನೇ ಗೇರಿನಲ್ಲೂ ಪಿಕಪ್ ಬಂತು.

ಮೊದಲ ಸಲ ಸ್ಟಾರ್ಟ್ ಆದಾಗ ಐಡಲ್‌ನಲ್ಲಿ ಬಿಡಲಿಲ್ಲ. ಹೊಸ ಕ್ಯಾಮ್‌ಗೆ ಮೇಲಿಂದ ಎಣ್ಣೆ ಚೆನ್ನಾಗಿ ಬೀಳಬೇಕು, ಹಾಗಾಗಿ ಸುಮಾರು 2000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಹಿಡಿದೆ. ಎಣ್ಣೆ ಸವೆತ ತಡೆಯುವ ಜಿಂಕ್ ಜಾಸ್ತಿ ಇರುವುದೇ. ಹೊಸ ಕಾಲದ ಸಾಮಾನ್ಯ ಎಣ್ಣೆಯಲ್ಲಿ ಇಂಥ ಕ್ಯಾಮ್‌ಗೆ ಸಾಕಾಗುವಷ್ಟು ಇರಲ್ಲ.

ಒಂದು ತೊಂದರೆ ಇನ್ನೂ ಇದೆ. ಸೆಖೆಯಲ್ಲಿ ಕಾರ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಮುನಿಸು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾರ್ಬೊರೇಟರ್‌ನ ಕೆಳಗೇ ಇದೆ, ಕಾವಿಗೆ ಅದರ ಪೆಟ್ರೋಲ್ ಬಟ್ಟಲಾದ ಫ್ಲೋಟ್ ಬೌಲ್‌ನಲ್ಲಿ ಪೆಟ್ರೋಲ್ ಕುದಿಯುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಇದನ್ನು ಇನ್ನೂ ಹೆಚ್ಚಿಸುತ್ತದೆ. ಹೀಟ್ ಶೀಲ್ಡ್ ಹಾಕಿದೆ, ಪೆಟ್ರೋಲ್ ಪೈಪಿಗೆ ಕಾವು ತಡೆಯುವ ಹೊದಿಕೆ ಹಾಕಿದೆ, ಸ್ವಲ್ಪ ಕಡಿಮೆ ಆಗಿದೆ. ಮುಂದಿನ ಕೆಲಸ ಮ್ಯಾನಿಫೋಲ್ಡ್‌ಗೆ ಸೆರಾಮಿಕ್ ಕೋಟಿಂಗ್ ಮಾಡಿಸುವುದು.