ಎರಡನೇ ಕ್ಯಾನ್ಸರ್ ಲೆಕ್ಕ: ಜಿಪಿಯು ಬಿಟ್ಟ ಮೇಲೆ ಬಗೆಹರಿಯಿತು

ಹೊಟ್ಟೆ ಕ್ಯಾನ್ಸರ್ ಆದವರಿಗೆ ಮುಂದೆ ಇನ್ನೊಂದು ಕ್ಯಾನ್ಸರ್ ಬರುವ ರಿಸ್ಕ್ ಎಷ್ಟು? ಇದಕ್ಕೆ ಹಳೇ ಫೈನ್-ಗ್ರೇ ಮಾಡೆಲ್ (ಎರಡನೆಯದು ಬರುವ ಮೊದಲೇ ಸಾಯುವ ಸಾಧ್ಯತೆಯನ್ನೂ ಸೇರಿಸಿ ರಿಸ್ಕ್ ಲೆಕ್ಕ ಹಾಕುವ ವಿಧಾನ) ಸಾಕು ಅಂತ ನಾನು ಅಂದಾಗ ನಮ್ಮ ತಂಡದಲ್ಲಿ ಎಲ್ಲರೂ ನಕ್ಕರು. ಡೀಪ್ ಲರ್ನಿಂಗೇ ಆಗಬೇಕಂತೆ.

ಅಮೆರಿಕದ ಕ್ಯಾನ್ಸರ್ ನೋಂದಣಿ ದಾಖಲೆಯಾದ ಸೀರ್ (SEER) ಡೇಟಾ ಪುಕ್ಕಟೆ, ಅರ್ಜಿ ಹಾಕಿದರೆ ಸಿಗುತ್ತದೆ. ದುಡ್ಡು ಸುರಿದದ್ದೆಲ್ಲ ಡೀಪ್ ಲರ್ನಿಂಗಿಗೆ ಬೇಕಾದ ಜಿಪಿಯು ಚಿಪ್ಪುಗಳ ಬಾಡಿಗೆಗೆ. ಬಜೆಟ್ಟಿನ ಮುಕ್ಕಾಲು ಪಾಲು ಅಲ್ಲೇ ಹೋಯಿತು. ಅಕ್ಯುರೆಸಿ 95 ಪರ್ಸೆಂಟ್ ಅಂತ ಸಂಭ್ರಮಪಟ್ಟರು. ನೂರಕ್ಕೆ ಸುಮಾರು ಐದು ಜನಕ್ಕೆ ಬರುವ ರೋಗಕ್ಕೆ, ಎಲ್ಲರಿಗೂ ‘ಬರಲ್ಲ’ ಅಂತ ಸುಮ್ನೆ ಬರೆದಿಟ್ಟರೂ 95 ಬರುತ್ತದೆ, ಅಲ್ವಾ? ಆಮೇಲೆ ಸ್ಮೋಟ್ ಹಾಕಿದರು, ಅಂದರೆ ಅಪರೂಪದ ಕೇಸುಗಳನ್ನು ಕೃತಕವಾಗಿ ಹೆಚ್ಚಿಸಿದರು. ರಿಸ್ಕ್ ನಾಲ್ಕೈದು ಪಟ್ಟು ಉಬ್ಬಿತು, ಮಾಡೆಲ್ ಹೇಳಿದ್ದಕ್ಕೂ ನಿಜಕ್ಕೂ ತಾಳೆ ನೋಡುವ ಕ್ಯಾಲಿಬ್ರೇಶನ್ ಗೆರೆ ನೆಲಕ್ಕೆ ಅಂಟಿತು.

ಫೈನ್-ಗ್ರೇ 1999ರದ್ದು. ಲ್ಯಾಪ್‌ಟಾಪಿನಲ್ಲಿ, ಆರ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಲ್ಲೇ ಓಡುತ್ತದೆ, ಖರ್ಚಿಲ್ಲ. 78 ವರ್ಷದ, ಮೂರನೇ ಹಂತದ ರೋಗಿಯನ್ನೇ ನೋಡಿ. ಮೊದಲ ಕ್ಯಾನ್ಸರಿಗೇ ತೀರಿಕೊಂಡರೆ ಕಾಪ್ಲಾನ್-ಮೆಯರ್ ಅನ್ನೋ ಮಾಮೂಲಿ ವಿಧಾನ ಆ ರೋಗಿಯನ್ನು ಸೆನ್ಸಾರ್ ಮಾಡಿ (ಅಲ್ಲಿಗೇ ಕೈಬಿಟ್ಟು) ಸುಮ್ಮನಾಗುತ್ತದೆ. ಅಂದರೆ ಎಲ್ಲೋ ಬದುಕಿದ್ದಾರೆ, ಮುಂದೆ ಎರಡನೆಯದು ಬರಬಹುದು ಅನ್ನೋ ಲೆಕ್ಕ. ಸತ್ತವರಿಗೆ ಎಲ್ಲಿಂದ ಬರುತ್ತದೆ? ಫೈನ್-ಗ್ರೇಯಲ್ಲಿ ಸಾವನ್ನು ಎರಡನೇ ಕ್ಯಾನ್ಸರಿನ ಜೊತೆ ಪೈಪೋಟಿಗೆ ಇಟ್ಟ ತಕ್ಷಣ ಅವರ ರಿಸ್ಕ್ ಇಳಿಯಿತು, ಬೇಗ ಪತ್ತೆಯಾಗಿ ಗುಣವಾದ ಅರವತ್ತರವರು ಮೇಲೆ ಬಂದರು. ಫಾಲೋ-ಅಪ್‌ನಲ್ಲಿ ಜಾಸ್ತಿ ಕಣ್ಣಿಡಬೇಕಾದವರು ಇವರೇ.

ಮೊದಲ ಆರು ತಿಂಗಳಲ್ಲಿ ಸಿಕ್ಕ ಗಡ್ಡೆಗಳನ್ನು ಕೈಬಿಟ್ಟೆ, ಗಡಿಯಾರವನ್ನೂ ಅಲ್ಲಿಂದಲೇ ಶುರು ಮಾಡಿದೆ. ಕುತೂಹಲಕ್ಕೆ ಒಮ್ಮೆ ವಾಪಸ್ ಸೇರಿಸಿದರೆ ಸಿ-ಇಂಡೆಕ್ಸ್ (ಹೆಚ್ಚು ರಿಸ್ಕಿನವರನ್ನು ಕಡಿಮೆ ರಿಸ್ಕಿನವರಿಂದ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಅನ್ನೋ ಅಂಕ) ಜಿಗಿಯಿತು! ಖುಷಿಪಡಬೇಡಿ. ಅವುಗಳಲ್ಲಿ ಎಷ್ಟೋ ಮೊದಲ ಸ್ಕ್ಯಾನಿನಲ್ಲೇ ಕಣ್ಣಿಗೆ ಬಿದ್ದ ಕರುಳು, ಕಿಡ್ನಿ ಗಡ್ಡೆಗಳು, ಅಂದರೆ ಆಗಲೇ ಇದ್ದವು, ಆಮೇಲೆ ಬಂದವಲ್ಲ.

ಇನ್ನೊಂದು ತಮಾಷೆ. ರೇಡಿಯೇಶನ್ ಪಡೆದವರಿಗೆ ರಿಸ್ಕ್ ಕಡಿಮೆ ಅಂತ ಬಂತು. ಅವರಲ್ಲಿ ರೋಗ ಮುಂದುವರಿದವರೇ ಜಾಸ್ತಿ, ಬೇಗ ತೀರಿಕೊಳ್ಳುತ್ತಾರೆ, ಅಷ್ಟೇ. ಅದಕ್ಕೇ ಕಾರಣ ಹುಡುಕುವಾಗ ಕಾಸ್-ಸ್ಪೆಸಿಫಿಕ್ ಕಾಕ್ಸ್ ಮಾಡೆಲ್ (ಆ ಹೊತ್ತಿಗೆ ಬದುಕಿರುವವರಲ್ಲಿ ಮಾತ್ರ ರಿಸ್ಕ್ ನೋಡುವಂಥದ್ದು) ಪಕ್ಕದಲ್ಲಿರಲಿ.

ಈಗ ಹೊರಗಿನ ಡೇಟಾದಲ್ಲೂ ಸಿ-ಇಂಡೆಕ್ಸ್ 0.7ರ ಆಸುಪಾಸು ನಿಂತಿದೆ, ಕ್ಯಾಲಿಬ್ರೇಶನ್ ನೆಟ್ಟಗಿದೆ. ಸೀರ್‌ನಲ್ಲಿ ಸಿಗರೇಟ್ ಚಟದ ಮಾಹಿತಿ ಇಲ್ಲ, ಲಿಂಚ್ ಸಿಂಡ್ರೋಮ್ (ಕ್ಯಾನ್ಸರ್ ರಿಸ್ಕ್ ಹೆಚ್ಚಿಸುವ ವಂಶವಾಹಿ ದೋಷ) ಇದೆಯೋ ಇಲ್ಲವೋ ಗೊತ್ತಾಗಲ್ಲ. ಅಷ್ಟಿಲ್ಲದೆಯೂ ಇದು ಬಂತು ಅಂದರೆ ಕಡಿಮೆಯೇನಲ್ಲ. ನಕ್ಕವರೇ ಈಗ ಕೋಡ್ ಕೇಳುತ್ತಿದ್ದಾರೆ. ಕೊಟ್ಟಿದ್ದೇನೆ. ವಯಸ್ಸಿನ ಸ್ಪ್ಲೈನ್‌ಗೆ (ವಯಸ್ಸಿನ ಜೊತೆ ರಿಸ್ಕ್ ಬಾಗುವ ಗೆರೆಗೆ) ಗಂಟು ಎಲ್ಲಿ ಹಾಕಿದೆ, ಹಿಸ್ಟಾಲಜಿ (ಗಡ್ಡೆಯ ಜೀವಕೋಶದ ಬಗೆ) ಕೋಡ್‌ಗಳನ್ನು ಹೇಗೆ ಗುಂಪು ಮಾಡಿದೆ ಅನ್ನೋದು ಮಾತ್ರ ಪೇಪರ್ ಬರುವ ತನಕ ನನ್ನ ಹತ್ತಿರವೇ ಇರಲಿ.

ಉಳಿದ ಹೊಟ್ಟೆಯಲ್ಲೇ ಮತ್ತೆ ಹುಟ್ಟುವ ಗಡ್ಡೆಗೆ ಬೇರೆ ಮಾಡೆಲ್ ಮಾಡಹೊರಟೆ, ಕೇಸ್ ಸಾಲಲಿಲ್ಲ. ಎಂಡೋಸ್ಕೋಪಿ ದಾಖಲೆ, ಪೈಲೋರಿ (ಹೊಟ್ಟೆಯ ಬ್ಯಾಕ್ಟೀರಿಯಾ) ಟೆಸ್ಟ್ ಎರಡೂ ಇರುವ ಡೇಟಾ ಯಾರ ಹತ್ತಿರವಾದರೂ ಇದ್ದರೆ ಹೇಳಿ.