ಏನು ಓದಬೇಕು ಅಂತ ನಾವೇ ಆರಿಸಿಕೊಳ್ಳುವ ಕಾಲೇಜು: ಗ್ರಿನ್ನೆಲ್‌ನಲ್ಲಿ ನಾನು ಓದಿದ ಬಗೆ

ಅಮೆರಿಕದ ಅಯೋವಾ ರಾಜ್ಯದ ಗ್ರಿನ್ನೆಲ್ ಕಾಲೇಜಿನಲ್ಲಿ ಎಲ್ಲರೂ ಓದಲೇಬೇಕಾದ ಕೋರ್ಸ್ ಒಂದೇ ಒಂದು. ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್. ಅದು ಮುಗಿದ ಮೇಲೆ ಇಂಥದ್ದನ್ನೇ ಓದು ಅಂತ ಯಾರೂ ಹೇಳುವುದಿಲ್ಲ. ಪದವಿಗೆ 124 ಕ್ರೆಡಿಟ್ ಬೇಕು. ಸಾಮಾನ್ಯವಾಗಿ ಒಂದು ಕೋರ್ಸಿಗೆ 4 ಕ್ರೆಡಿಟ್, ಸೆಮಿಸ್ಟರಿಗೆ ನಾಲ್ಕು ಕೋರ್ಸ್. ಮೇಜರ್ ಅಂತ, ಅಂದರೆ ಮುಖ್ಯವಾಗಿ ಓದಲು ಆರಿಸಿಕೊಂಡ ವಿಷಯಕ್ಕೆ ಆ ವಿಭಾಗದ ನಿಯಮಗಳಿರುತ್ತವೆ. ಒಂದೇ ವಿಭಾಗದಲ್ಲಿ 48 ಕ್ರೆಡಿಟ್ ದಾಟಿದರೆ ಮಿಕ್ಕಿದ್ದು 124ರ ಲೆಕ್ಕಕ್ಕೆ ಬರುವುದಿಲ್ಲ. ಉಳಿದದ್ದೆಲ್ಲ ನಾವು ಮತ್ತು ನಮಗೆ ಸಲಹೆ ಕೊಡುವ ಅಧ್ಯಾಪಕರು, ಅಂದರೆ ಅಡ್ವೈಸರ್, ಕೂತು ಮಾತಾಡಿ ತೀರ್ಮಾನಿಸುವುದು.

ಪಿಯುಸಿಯಲ್ಲಿ ಪಿಸಿಎಂಬಿ ಓದಿದ ನನಗೆ ಇದು ದೊಡ್ಡ ಬದಲಾವಣೆ. ನಮ್ಮಲ್ಲಿ ಹತ್ತನೇ ಕ್ಲಾಸು ಮುಗಿದ ತಕ್ಷಣ ದಾರಿ ನಿಗದಿಯಾಗುತ್ತದೆ, ಆಮೇಲೆ ನಡೆಯುವುದಷ್ಟೇ ನಮ್ಮ ಕೆಲಸ. ಇಲ್ಲಿ ಎರಡನೇ ವರ್ಷದ ಕೊನೆಯವರೆಗೂ ಮೇಜರ್ ಹೇಳಬೇಕಾಗಿಲ್ಲ. ಬೀರೂರಿನ ನಮ್ಮ ಮನೆಯಲ್ಲಿ ಇದನ್ನು ವಿವರಿಸಿ ಹೇಳಲು ಸಮಯ ಹಿಡಿಯಿತು. 'ಅಲ್ಲ ಕಣಮ್ಮ, ಕೊನೆಗೆ ಸರ್ಟಿಫಿಕೇಟಲ್ಲಿ ಏನಂತ ಬರೀತಾರೆ?' ಅಂತ ಅಪ್ಪ ಕೇಳಿದರು. ಬಿಎ ಅಂತ ಬರೆಯುತ್ತಾರೆ. ಭೌತಶಾಸ್ತ್ರ ಓದಿದರೂ ಬಿಎ, ನಾಟಕ ಓದಿದರೂ ಬಿಎ. ಇಂಟೆಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಇಲ್ಲಿಂದಲೇ ಪದವಿ ಪಡೆದವರು. ಕಾಲೇಜಿನ ವಿಜ್ಞಾನ ಕಟ್ಟಡಕ್ಕೆ ಅವರದೇ ಹೆಸರಿದೆ. ಅವರದೂ ಬಿಎ ಪದವಿಯೇ ಅಂದಾಗ ಅಪ್ಪನಿಗೆ ಸ್ವಲ್ಪ ಸಮಾಧಾನವಾಯಿತು.

ಊರು ಚಿಕ್ಕದು. ಜನಸಂಖ್ಯೆ ಸುಮಾರು 9,500, ಕಾಲೇಜಿನಲ್ಲಿ ಸುಮಾರು 1,700 ವಿದ್ಯಾರ್ಥಿಗಳು. ಸುತ್ತ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ ಮತ್ತು ಸೋಯಾ. ರಾಜಧಾನಿ ಡೆ ಮೊಯಿನ್‌ಗೆ ಕಾರಿನಲ್ಲಿ ಒಂದು ಗಂಟೆ. ರೈಲು ಹಳಿ ಕ್ಯಾಂಪಸ್ ಒಳಗೇ ಹಾದುಹೋಗುತ್ತದೆ. ರಾತ್ರಿ ಗೂಡ್ಸ್ ರೈಲಿನ ಶಿಳ್ಳೆಗೆ ಹೊಸಬರೆಲ್ಲ ಎದ್ದು ಕೂರುತ್ತಿದ್ದರು. ಜಂಕ್ಷನ್ ಪಕ್ಕ ಬೆಳೆದ ನನಗೆ ಅದರಿಂದ ನಿದ್ದೆ ಬರುತ್ತಿತ್ತು.

ಟ್ಯುಟೋರಿಯಲ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಆಮೇಲಿನದೆಲ್ಲ ಅಲ್ಲಿಂದಲೇ ಬಂತು. ಒಬ್ಬೊಬ್ಬ ಅಧ್ಯಾಪಕರೂ ತಮಗೆ ಇಷ್ಟವಾದ ಒಂದು ವಿಷಯ ಇಟ್ಟುಕೊಂಡು ಪಾಠ ಮಾಡುತ್ತಾರೆ. ಕ್ಲಾಸಿನಲ್ಲಿ ಹನ್ನೆರಡು ಹದಿಮೂರು ಜನ. ವಿಷಯ ಏನೇ ಇರಲಿ, ಕಲಿಸುವುದು ಮಾತ್ರ ಒಂದೇ: ಓದುವುದು, ಬರೆಯುವುದು, ಮಾತಾಡುವುದು. ಮೇಜರ್ ಹೇಳುವವರೆಗೆ ಆ ಅಧ್ಯಾಪಕರೇ ನಮ್ಮ ಅಡ್ವೈಸರ್. ನನ್ನ ಕ್ಲಾಸ್ ನಕ್ಷೆಗಳ ಬಗ್ಗೆ ಇತ್ತು. ಒಂದು ನಕ್ಷೆಯನ್ನು ಯಾರು ಬರೆಸಿದರು, ಯಾರಿಗಾಗಿ, ಅದರಲ್ಲಿ ಏನು ಬಿಟ್ಟುಹೋಗಿದೆ ಅನ್ನುವುದು ಪ್ರತಿ ವಾರದ ಪ್ರಶ್ನೆ. ಹತ್ತೊಂಬತ್ತನೇ ಶತಮಾನದ ಅಯೋವಾದ ಸರ್ವೆ ನಕ್ಷೆಗಳನ್ನು ಮುಂದಿಟ್ಟು ಚೌಕ ಚೌಕವಾಗಿ ಕತ್ತರಿಸಿದ ಭೂಮಿಯನ್ನು ತೋರಿಸಿದರು. ಆ ಚೌಕಗಳ ಒಳಗೆ ಮೊದಲು ಏನಿತ್ತು ಅಂತ ನಕ್ಷೆ ಹೆಚ್ಚೇನೂ ಹೇಳುವುದಿಲ್ಲ. ಅಲ್ಲಿದ್ದದ್ದು ಪ್ರೇರಿ, ಆಳೆತ್ತರದ ಹುಲ್ಲುಗಾವಲು. ಒಂದು ಕಾಲಕ್ಕೆ ರಾಜ್ಯದ ಹೆಚ್ಚೂ ಕಡಿಮೆ ಮುಕ್ಕಾಲು ಭಾಗ ಅದೇ ಆಗಿತ್ತು. ಈಗ ಉಳಿದಿರುವುದು ಸಾವಿರದಲ್ಲಿ ಒಂದು ಪಾಲೂ ಇಲ್ಲ.

ಇದನ್ನು ಓದುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಕಡೂರು ಕಡೆಯ ಅಮೃತ್ ಮಹಲ್ ಕಾವಲುಗಳು. ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ದನಗಳ ಮೇವಿಗೆ ಅಂತ ಮೀಸಲಿಟ್ಟ ಬಯಲುಗಳು ಅವು. ಲಕ್ಷಗಟ್ಟಲೆ ಎಕರೆ ಇದ್ದದ್ದು ಕರಗುತ್ತಾ ಬಂದಿದೆ. ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ಇಂಥ ಹುಲ್ಲುಬಯಲು ಎಷ್ಟೋ ಕಡೆ ಪಾಳುಭೂಮಿ ಅಂತ ಸೇರಿತು. ಇವತ್ತಿಗೂ ಸರ್ಕಾರಿ ಲೆಕ್ಕದಲ್ಲಿ ಆ ರೂಢಿ ಪೂರ್ತಿ ಹೋಗಿಲ್ಲ. ಭೂಮಿಯನ್ನು ಖಾಲಿ ಅಂತ ತೀರ್ಮಾನಿಸುವವರು ಯಾರು? ಮುಂದಿನ ನಾಲ್ಕು ವರ್ಷ ನನ್ನ ಕೋರ್ಸುಗಳನ್ನು ಆರಿಸಿದ್ದು ಈ ಒಂದು ಪ್ರಶ್ನೆ.

ಹೇಗೆ ಅಂತ ಹೇಳುತ್ತೇನೆ. ಅಡ್ವೈಸರ್ ಭೇಟಿಗೆ ಹೋಗುವಾಗ ಕೋರ್ಸುಗಳ ಪಟ್ಟಿ ಒಯ್ಯುತ್ತಿರಲಿಲ್ಲ. ಒಂದು ಪ್ಯಾರಾ ಬರೆದುಕೊಂಡು ಹೋಗುತ್ತಿದ್ದೆ. ಈ ಸೆಮಿಸ್ಟರಿನಲ್ಲಿ ನನಗೆ ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ, ಅದಕ್ಕೆ ಯಾವ ಕೌಶಲ ಬೇಕು ಅನ್ನುವಷ್ಟು. ಅದನ್ನು ಓದಿ ಅವರು ನಾನು ಯೋಚಿಸದ ವಿಭಾಗಗಳ ಹೆಸರು ಹೇಳುತ್ತಿದ್ದರು. ಹುಲ್ಲಿನ ಬಗ್ಗೆ ಮಾತಾಡಬೇಕಾದರೆ ಹುಲ್ಲು ಗುರುತಿಸಲು ಬರಬೇಕಲ್ವಾ ಅಂದರು, ಜೀವಶಾಸ್ತ್ರ ತೆಗೆದುಕೊಂಡೆ. ಲೆಕ್ಕ ಹಾಕಲು ಸ್ಟ್ಯಾಟಿಸ್ಟಿಕ್ಸ್ ಬೇಕಾಯಿತು. ಅಲ್ಲಿ ಬದುಕಿದವರ ಕಥೆಗೆ ಆಂತ್ರೊಪಾಲಜಿ ಅಂದರೆ ಮಾನವಶಾಸ್ತ್ರ, ದಾಖಲೆ ಓದುವುದಕ್ಕೆ ಇತಿಹಾಸ. ಕೊನೆಗೆ ಮೇಜರ್ ಜೀವಶಾಸ್ತ್ರವಾಯಿತು, ಆದರೆ ನನ್ನ ಕೋರ್ಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೇರೆ ವಿಭಾಗಗಳವು.

ಜೀವಶಾಸ್ತ್ರದ ಮೊದಲ ಕೋರ್ಸನ್ನು ಇಲ್ಲಿ ಕಲಿಸುವ ರೀತಿ ನನಗೆ ತುಂಬಾ ಇಷ್ಟ. ಪಠ್ಯಪುಸ್ತಕದ ಮೊದಲ ಪಾಠದಿಂದ ಶುರು ಮಾಡುವುದಿಲ್ಲ. ಅಧ್ಯಾಪಕರು ಒಂದು ಸಂಶೋಧನೆಯ ವಿಷಯ ಇಟ್ಟುಕೊಂಡಿರುತ್ತಾರೆ. ಮೊದಲ ವಾರದಿಂದಲೇ ನಾವು ಪ್ರಶ್ನೆ ಹಾಕಿ, ಪ್ರಯೋಗ ಮಾಡಿ, ಪೇಪರ್ ಬರೆಯಬೇಕು. ನನ್ನ ಸೆಕ್ಷನ್ ಪ್ರೇರಿಯ ಮರುಸೃಷ್ಟಿಯ ಬಗ್ಗೆ ಇತ್ತು. ಊರಿನ ಪಶ್ಚಿಮಕ್ಕೆ, ಕೆಲ್ಲಾಗ್ ಅನ್ನುವ ಹಳ್ಳಿಯ ಹತ್ತಿರ, ಕಾಲೇಜಿಗೆ 365 ಎಕರೆಯ ಸಂಶೋಧನಾ ಜಾಗವಿದೆ. ಕಾನರ್ಡ್ ಎನ್ವಿರಾನ್‌ಮೆಂಟಲ್ ರಿಸರ್ಚ್ ಏರಿಯಾ ಅಂತ. ವ್ಯಾನಿನಲ್ಲಿ ಅಲ್ಲಿಗೆ ಹೋಗಿ ನೆಲದ ಮೇಲೆ ಚೌಕಟ್ಟು ಇಟ್ಟು, ಅದರೊಳಗಿನ ಗಿಡಗಳನ್ನು ಒಂದೊಂದಾಗಿ ಎಣಿಸುತ್ತಿದ್ದೆವು. ಬಿಗ್ ಬ್ಲೂಸ್ಟೆಮ್ ಅನ್ನುವ ಹುಲ್ಲು ನಮ್ಮ ತಲೆಗಿಂತ ಎತ್ತರ. ಅದರ ಬೇರು ಇನ್ನೂ ಆಳಕ್ಕೆ ಇಳಿದಿರುತ್ತದೆ. ವಸಂತದಲ್ಲಿ ತರಬೇತಿ ಪಡೆದ ತಂಡ ಹುಲ್ಲಿಗೆ ಬೆಂಕಿ ಹಚ್ಚುತ್ತದೆ. ಬೆಂಕಿ ಬೀಳದಿದ್ದರೆ ಮರಗಳು ನುಗ್ಗಿ ಹುಲ್ಲುಗಾವಲು ಮುಚ್ಚಿಹೋಗುತ್ತದೆ. ಬೇರು ಮಣ್ಣಿನೊಳಗೆ ಭದ್ರವಾಗಿರುವುದರಿಂದ ಸುಟ್ಟ ಕಪ್ಪು ನೆಲದಲ್ಲಿ ಕೆಲವೇ ವಾರಕ್ಕೆ ಹಸಿರು ಬರುತ್ತದೆ. ಕಾಡು ಬೆಳೆಸಿದರೆ ಮಾತ್ರ ಪರಿಸರ ಉಳಿಯುತ್ತದೆ ಅಂತ ಕಲಿತು ಬಂದವಳಿಗೆ ಇದು ಹೊಸ ಪಾಠ.

ಆಂತ್ರೊಪಾಲಜಿ ಅದೇ ನೆಲದ ಇನ್ನೊಂದು ಮುಖ ತೋರಿಸಿತು. ಗ್ರಿನ್ನೆಲ್‌ನ ಉತ್ತರಕ್ಕೆ, ಟಾಮಾ ಬಳಿ ಮೆಸ್ಕ್ವಾಕಿ ಅನ್ನುವ ಅಮೆರಿಕದ ಮೂಲನಿವಾಸಿ ಜನರ ನೆಲೆ ಇದೆ. ಅಯೋವಾದಿಂದ ಹೊರಹಾಕಿದ ಮೇಲೆ 1857ರಲ್ಲಿ ಅವರು ಸ್ವಂತ ದುಡ್ಡು ಕೊಟ್ಟು ಅಲ್ಲಿ ಭೂಮಿ ಕೊಂಡರು. ಅದು ಸರ್ಕಾರ ಕೊಟ್ಟ ಮೀಸಲು ಪ್ರದೇಶವಲ್ಲ, ಅವರೇ ಖರೀದಿಸಿದ್ದು. ನಮ್ಮ ಕ್ಲಾಸಿನ ಹುಡುಗರಲ್ಲಿ ಅಯೋವಾದವರೇ ಕೆಲವರಿಗೆ ಇದು ಗೊತ್ತಿರಲಿಲ್ಲ. ಚರ್ಚೆ ಕ್ಲಾಸ್ ಮುಗಿದ ಮೇಲೂ ಡೈನಿಂಗ್ ಹಾಲಿನಲ್ಲಿ ಮುಂದುವರಿಯಿತು.

ಕ್ಲಾಸಿನಲ್ಲಿ ಮಾತಾಡುವುದು ಹೊಸದಾಗಿ ಬರುವವರಿಗೆ ಎಲ್ಲಕ್ಕಿಂತ ಕಷ್ಟ. ಹತ್ತು ಹದಿನೈದು ಜನ ಒಂದು ಮೇಜಿನ ಸುತ್ತ ಕೂತಾಗ ಹಿಂದಿನ ಬೆಂಚು ಅನ್ನುವುದೇ ಇರುವುದಿಲ್ಲ. ನನ್ನ ಇಂಗ್ಲಿಷ್ ಪುಸ್ತಕದ ಇಂಗ್ಲಿಷ್. ಓದಿದರೆ ಅರ್ಥವಾಗುತ್ತದೆ, ಬಾಯಿಗೆ ಬೇಗ ಬರುವುದಿಲ್ಲ. ಹಾಗಾಗಿ ಒಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ಓದಿನ ಕೊನೆಗೆ ಅರ್ಧ ಪುಟ ಬರೆಯುವುದು: ಲೇಖಕರು ಏನು ಹೇಳುತ್ತಾರೆ, ಯಾವ ಆಧಾರ ಕೊಡುತ್ತಾರೆ, ನನಗೆ ಎಲ್ಲಿ ಅನುಮಾನ. ಮೂರನೆಯದನ್ನು ಕ್ಲಾಸ್ ಶುರುವಾದ ಹತ್ತು ನಿಮಿಷದೊಳಗೆ ಹೇಳಿಬಿಡುತ್ತಿದ್ದೆ. ತಡ ಮಾಡಿದಷ್ಟೂ ಚರ್ಚೆ ಬೇರೆ ಕಡೆ ಹೋಗುತ್ತದೆ, ನಮ್ಮ ಮಾತಿಗೆ ಜಾಗ ಸಿಗುವುದಿಲ್ಲ. ಮೊದಲೇ ಮಾತಾಡಿದರೆ ಆಮೇಲೆ ಬೇರೆಯವರೇ ನಮ್ಮನ್ನು ಚರ್ಚೆಗೆ ಎಳೆಯುತ್ತಾರೆ. ಅನುಮಾನದ ಒಂದು ವಾಕ್ಯವನ್ನು ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ಯೋಚನೆ ಸ್ಪಷ್ಟವಿದ್ದರೆ ಇಂಗ್ಲಿಷ್ ಸಾಲು ತಾನಾಗಿ ಚಿಕ್ಕದಾಗುತ್ತದೆ.

ಬರವಣಿಗೆಗೆ ನೆರವಾಗಲು ಕಾಲೇಜಿನಲ್ಲಿ ಒಂದು ಕೇಂದ್ರವೇ ಇದೆ. ಅಲ್ಲಿ ಬರವಣಿಗೆ ಕಲಿಸುವುದನ್ನೇ ವೃತ್ತಿ ಮಾಡಿಕೊಂಡವರು ಕೂತಿರುತ್ತಾರೆ. ಕರಡು ತೆಗೆದುಕೊಂಡು ಹೋದರೆ ತಿದ್ದಿ ಕೊಡುವುದಿಲ್ಲ. 'ಈ ಪ್ಯಾರಾ ಇಲ್ಲಿ ಯಾಕೆ ಇದೆ?' ಅಂತ ಕೇಳುತ್ತಾರೆ. ಉತ್ತರ ಹೇಳಲು ಹೋದಾಗ ಪೇಪರಿನಲ್ಲಿ ಇಲ್ಲದ ವಿಷಯ ಬಾಯಿಂದ ಬರುತ್ತದೆ, ಅದನ್ನು ಅಲ್ಲೇ ಗೀಚಿಕೊಳ್ಳಬೇಕು. ಗಡುವಿನ ಹಿಂದಿನ ದಿನ ಹೋದರೆ ಏನೂ ಪ್ರಯೋಜನವಿಲ್ಲ. ಕರಡು ಅರ್ಧ ಇದ್ದಾಗಲೇ ಹೋಗಬೇಕು. ಇದೊಂದನ್ನು ಮಾತ್ರ ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಆಫೀಸ್ ಅವರ್ಸ್, ಅಂದರೆ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಅಂತ ಇಟ್ಟ ಸಮಯ, ಕೂಡ ಹಾಗೆಯೇ. ಅಧ್ಯಾಪಕರ ಕೋಣೆಗೆ ಹೋಗುವುದು ಅಂಕ ಕೇಳುವುದಕ್ಕಲ್ಲ, ಪ್ರಶ್ನೆ ಇಟ್ಟುಕೊಂಡು ಮಾತಾಡುವುದಕ್ಕೆ. ಊರು ಚಿಕ್ಕದಾದ್ದರಿಂದ ಅವರಲ್ಲಿ ಎಷ್ಟೋ ಜನ ನಡೆದುಹೋಗುವಷ್ಟು ದೂರದಲ್ಲೇ ಇರುತ್ತಾರೆ. ಸಂಜೆ ಭಾಷಣ, ಸಂಗೀತ ಕಛೇರಿ, ದಿನಸಿ ಅಂಗಡಿ, ಎಲ್ಲಿ ಹೋದರೂ ಅವರೇ ಸಿಗುತ್ತಾರೆ. ನನ್ನ ಸ್ಟ್ಯಾಟಿಸ್ಟಿಕ್ಸ್ ಅಧ್ಯಾಪಕರು ತರಕಾರಿ ಬುಟ್ಟಿ ಹಿಡಿದುಕೊಂಡೇ ನನ್ನ ಪ್ರಾಜೆಕ್ಟಿನ ಬಗ್ಗೆ ವಿಚಾರಿಸುತ್ತಿದ್ದರು. ಚಿಕ್ಕ ಊರಿನ ಕಾಲೇಜಿನಿಂದ ಸಿಗುವ ದೊಡ್ಡ ಲಾಭ ಇದು. ಇಲ್ಲಿ ಜನರಿಗೆ ಸಮಯವಿರುತ್ತದೆ.

ದುಡ್ಡಿನ ವಿಷಯ. ಹಣಕಾಸಿನ ನೆರವು ಇಲ್ಲದೆ ನನಗೆ ಹೋಗಲು ಆಗುತ್ತಲೇ ಇರಲಿಲ್ಲ. ವಿದೇಶಿ ವಿದ್ಯಾರ್ಥಿಗಳಿಗೆ ಪ್ರವೇಶ ಕೊಡುವಾಗ ಅವರಿಗೆ ಎಷ್ಟು ನೆರವು ಬೇಕು ಅನ್ನುವುದನ್ನೂ ನೋಡುತ್ತಾರೆ. ಆದ್ದರಿಂದ ಮನೆಯ ಆದಾಯದ ಕಾಗದಪತ್ರಗಳನ್ನು ಅರ್ಜಿಯ ಜೊತೆಗೇ ಪಕ್ಕಾ ಇಟ್ಟುಕೊಳ್ಳಬೇಕು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಓದುವವರು ಕ್ಲಾಸು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ನಾನು ಡೈನಿಂಗ್ ಹಾಲಿನಲ್ಲಿ ಪಾತ್ರೆ ತೊಳೆಯುವ ಕಡೆ ಸೇರಿದೆ. ಅಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳು 2016ರಲ್ಲಿ ತಮ್ಮದೇ ಯೂನಿಯನ್ ಕಟ್ಟಿಕೊಂಡವರು. 2022ರಲ್ಲಿ ಅದು ಕಾಲೇಜಿನ ಬೇರೆ ಕೆಲಸಗಳ ವಿದ್ಯಾರ್ಥಿಗಳಿಗೂ ಹರಡಿತು. ಸಂಬಳದ ಮಾತುಕತೆ ಹೇಗೆ ನಡೆಯುತ್ತದೆ, ಒಪ್ಪಂದದ ಒಂದು ಸಾಲಿಗೆ ಎಷ್ಟು ಬೆಲೆ ಅನ್ನುವುದನ್ನು ಕ್ಲಾಸಿಗಿಂತ ಆ ಸಿಂಕಿನ ಪಕ್ಕದಲ್ಲೇ ಜಾಸ್ತಿ ಕಲಿತೆ. ಓದಿನ ಹೊರೆ ಇರುವಾಗ ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೆ ಎಂಟು ಹತ್ತು ಗಂಟೆಗಿಂತ ಜಾಸ್ತಿ ಒಪ್ಪಿಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ.

ಚಳಿಗಾಲ ಉದ್ದ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವ ದಿನಗಳಿವೆ. ಒಳ್ಳೆಯ ಬೂಟು, ಗಾಳಿ ನುಗ್ಗದ ಕೋಟು ಅಲ್ಲಿಗೆ ಹೋದ ಮೇಲೇ ಕೊಳ್ಳಬೇಕು, ಬೆಂಗಳೂರಿನಲ್ಲಿ ಸಿಗುವುದು ಸಾಕಾಗುವುದಿಲ್ಲ. ವಿದೇಶಿ ವಿದ್ಯಾರ್ಥಿಗಳಿಗೆ ಊರಿನ ಒಂದು ಕುಟುಂಬವನ್ನು ಜೊತೆ ಮಾಡಿಕೊಡುವ ಪದ್ಧತಿ ಇದೆ. ಅವರ ಮನೆಯಲ್ಲಿ ಇರುವುದಿಲ್ಲ, ಹಬ್ಬಕ್ಕೆ ಊಟಕ್ಕೆ ಕರೆಯುತ್ತಾರೆ. ನನಗೆ ಸಿಕ್ಕವರು ರೈತರು. ಅವರ ಹೊಲದ ಅಂಚಿನಲ್ಲಿ ಒಂದು ಪಟ್ಟಿ ಹುಲ್ಲನ್ನು ಉಳುಮೆ ಮಾಡದೆ ಬಿಟ್ಟಿದ್ದರು. ಮಣ್ಣು ಕೊಚ್ಚಿಹೋಗುವುದನ್ನು ಅದು ತಡೆಯುತ್ತದೆ ಅಂತ ಆ ಮನೆಯ ಅಜ್ಜಿ ವಿವರಿಸಿದ್ದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಇವತ್ತಿಗೂ ಇದೆ. ಅವರಿಗೆ ನಾನು ಚಿತ್ರಾನ್ನ ಮಾಡಿಕೊಟ್ಟೆ. ಕಡಲೇಬೇಳೆ ಒಗ್ಗರಣೆ ಅವರಿಗೆ ಬಹಳ ಹಿಡಿಸಿತು.

ಮೂರನೇ ವರ್ಷ ಮುಗಿದ ಬೇಸಿಗೆಯಲ್ಲಿ ಮೆಂಟರ್ಡ್ ಅಡ್ವಾನ್ಸ್ಡ್ ಪ್ರಾಜೆಕ್ಟ್ ಮಾಡಿದೆ. ಎಲ್ಲರೂ ಅದನ್ನು ಮ್ಯಾಪ್ ಅನ್ನುತ್ತಾರೆ. ಒಬ್ಬ ಅಧ್ಯಾಪಕರ ಜೊತೆ ಸೇರಿ ನಮ್ಮದೇ ಸಂಶೋಧನೆ ಮಾಡುವುದು, ಬೇಸಿಗೆಯಲ್ಲಿ ಮಾಡಿದರೆ ಸ್ಟೈಪೆಂಡ್ ಸಿಗುತ್ತದೆ. ನನ್ನ ವಿಷಯ ಪ್ರೇರಿ ಮತ್ತು ಕಾವಲು: ಎರಡು ದೇಶಗಳಲ್ಲಿ ಹುಲ್ಲುಬಯಲನ್ನು ದಾಖಲೆಗಳು ಹೇಗೆ ಬರೆದವು, ಅದರಿಂದ ನೆಲಕ್ಕೆ ಏನಾಯಿತು. ಹಿಂದಿನ ಚಳಿಗಾಲದ ರಜೆಯಲ್ಲಿ ಮನೆಗೆ ಬಂದಾಗ ಅಪ್ಪನ ಬೈಕಿನಲ್ಲಿ ಬಾಸೂರು ಕಾವಲಿಗೆ ಹೋಗಿದ್ದೆ. 2011ರಲ್ಲಿ ಅದನ್ನು ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಅಲ್ಲಿ ಸಿಕ್ಕ ಕುರಿ ಕಾಯುವ ಯಜಮಾನರೊಬ್ಬರು ಕಾಲಿನ ಕೆಳಗಿನ ಹುಲ್ಲುಗಳ ಹೆಸರು ಒಂದೊಂದಾಗಿ ಹೇಳಿದರು. ಯಾವುದು ಮಳೆ ಬಿದ್ದ ಕೂಡಲೇ ಚಿಗುರುತ್ತದೆ, ಯಾವುದನ್ನು ಕುರಿ ಮುಟ್ಟುವುದಿಲ್ಲ, ಎಲ್ಲ ಗೊತ್ತಿತ್ತು ಅವರಿಗೆ. ಅಪ್ಪ ಪಕ್ಕದಲ್ಲಿ ನಿಂತು ಬರೆದುಕೊಂಡರು. ಗ್ರಿನ್ನೆಲ್‌ಗೆ ವಾಪಸ್ಸಾದ ಮೇಲೆ ಕಾಲೇಜಿನ ಬರ್ಲಿಂಗ್ ಲೈಬ್ರರಿಯಲ್ಲಿ ಹಳೆಯ ಮೈಸೂರು ಗೆಜೆಟಿಯರ್, ಅಂದರೆ ಪ್ರಾಂತ್ಯದ ವಿವರಗಳ ಸರ್ಕಾರಿ ಪುಸ್ತಕ, ತೆಗೆಸಿ ಓದಿದೆ. ಅಲ್ಲಿ ಇಲ್ಲದ ಪುಸ್ತಕಗಳನ್ನು ಬೇರೆ ಕಾಲೇಜುಗಳಿಂದ ತರಿಸಿಕೊಡುತ್ತಾರೆ, ನಾವು ದುಡ್ಡು ಕೊಡಬೇಕಾಗಿಲ್ಲ. ಪ್ರಾಜೆಕ್ಟಿನ ಕೊನೆಗೆ ಗೆಜೆಟಿಯರಿನ ಒಂದು ಕಾಲಮ್ಮಿಗೂ ಆ ಯಜಮಾನರು ಹೇಳಿದ ಹೆಸರುಗಳಿಗೂ ನಡುವಿನ ಅಂತರವನ್ನೇ ಮೂವತ್ತು ಪುಟ ಬರೆದೆ.

ಈಗ ಕಡೂರು, ತರೀಕೆರೆ ಕಡೆಯ ಮಕ್ಕಳು ಒಬ್ಬಿಬ್ಬರು ಫೋನ್ ಮಾಡಿ ಮೊದಲ ಸೆಮಿಸ್ಟರಿಗೆ ಏನು ತೆಗೆದುಕೊಳ್ಳಲಿ ಅಂತ ಕೇಳುತ್ತಾರೆ. ಟ್ಯುಟೋರಿಯಲ್ ಹೇಗೂ ಇದೆ, ಅದರಲ್ಲಿ ಬರವಣಿಗೆ ಜಾಸ್ತಿ. ಉಳಿದ ಮೂರರಲ್ಲಿ ಒಂದು ಈಗಾಗಲೇ ಚೆನ್ನಾಗಿ ಬರುವ ವಿಷಯ ಇರಲಿ. ಇನ್ನೊಂದು ಲ್ಯಾಬ್ ಅಥವಾ ಸ್ಟುಡಿಯೋ ಇರುವಂಥದ್ದು, ಕೈಗೆ ಕೆಲಸ ಬೇಕು. ಮೂರನೆಯದು ಪಿಯುಸಿಯಲ್ಲಿ ಹೆಸರೇ ಕೇಳಿರದಂಥದ್ದು. ಬೆಳಗ್ಗೆ ಎಂಟು ಗಂಟೆಯ ಕ್ಲಾಸು ಇದ್ದರೆ ಭಯ ಬೇಡ, ಹಳ್ಳಿಯಿಂದ ಬಸ್ ಹಿಡಿದು ಕಾಲೇಜಿಗೆ ಹೋದವರಿಗೆ ಅದು ಲೆಕ್ಕಕ್ಕೇ ಇಲ್ಲ. ಆಮೇಲೆ ಅಡ್ವೈಸರ್ ಹತ್ತಿರ ಹೋಗುವ ಮೊದಲು ಆ ಒಂದು ಪ್ಯಾರಾ ಬರೆದು ನನಗೂ ಕಳಿಸಿ, ಓದಿ ಹೇಳುತ್ತೇನೆ ಅನ್ನುತ್ತೇನೆ. ಕನ್ನಡದಲ್ಲಿ ಬರೆದರೂ ಸರಿ.