ಹೈ-ರೆಸ್ ಪ್ಲೇಯರ್ ತಗೊಂಡ್ರಾ? ನಂಬರ್ ಬಿಡಿ, ಮೊದ್ಲು ಕಿವಿಯಿಂದ ಶುರು ಮಾಡಿ

ಹೊಸದಾಗಿ ಡ್ಯಾಪ್ (ಹಾಡು ಕೇಳೋಕೇ ಅಂತ ಇರೋ ಡಿಜಿಟಲ್ ಪ್ಲೇಯರ್) ತಗೊಂಡವರು, ಅದು ಫಿಯೋ ಇರ್ಲಿ ಹೈಬಿ ಇರ್ಲಿ ಸೋನಿ ವಾಕ್‌ಮನ್ ಇರ್ಲಿ, ಡಬ್ಬ ತೆಗೆದ ತಕ್ಷಣ ಮಾಡೋ ಕೆಲ್ಸ ಅಂದ್ರೆ 24 ಬಿಟ್ 192 ಕಿಲೋಹರ್ಟ್ಜ್ ಫೈಲ್ (ಸಿಡಿಯ 16 ಬಿಟ್ 44.1ಕ್ಕಿಂತ ದೊಡ್ಡ ಲೆಕ್ಕದ್ದು) ಎಲ್ಲಿ ಸಿಗುತ್ತೆ ಅಂತ ಹುಡುಕೋದು. ಸ್ಕ್ರೀನ್ ಮೇಲೆ ಆ ನಂಬರ್ ಬಂತು, ಪಕ್ಕದಲ್ಲಿ ಹೈ-ರೆಸ್ ಲೋಗೋ ಬಂತು ಅಂದ್ರೆ ಸೌಂಡ್ ಆಗ್ಲೇ ಚೆನ್ನಾಗಿ ಕೇಳಿಸೋಕೆ ಶುರುವಾಗಿಬಿಡುತ್ತೆ. ನನ್ನ ಲೆಕ್ಕದಲ್ಲಿ ಈ ಕ್ರಮ ಪೂರ್ತಿ ಉಲ್ಟಾ. ಇಯರ್‌ಫೋನ್ ಕಿವೀಲಿ ಸರಿಯಾಗಿ ಕೂತಿದ್ಯಾ ಅನ್ನೋದು ಮೊದಲು, ಹಾಡನ್ನ ಹೇಗೆ ರೆಕಾರ್ಡ್ ಮಾಡಿ ಮಾಸ್ಟರ್ ಮಾಡಿದ್ದಾರೆ ಅನ್ನೋದು ಎರಡನೇದು, ಆಮೇಲೆ ಗೇನು (ಪ್ಲೇಯರ್ ಸೌಂಡನ್ನ ಎಷ್ಟು ದೊಡ್ಡದು ಮಾಡುತ್ತೆ ಅನ್ನೋದು), ಇಕ್ಯೂ (ಬಾಸ್, ಟ್ರೆಬಲ್ ಏರಿಸಿ ಇಳಿಸೋದು), ಸೆಟ್ಟಿಂಗ್ಸು, ಈ ಬಿಟ್ಟು ಹರ್ಟ್ಜು ಎಲ್ಲಾ ಕಟ್ಟಕಡೇಗೆ. ಹೆಚ್ಚು ಕಮ್ಮಿ ಅದೇ ಆರ್ಡರಲ್ಲಿ ಹೇಳ್ತಾ ಹೋಗ್ತೀನಿ.

ಕಿವಿ ಒಳಗೆ ಕೂರೋ ಇಯರ್‌ಫೋನ್ ಆದ್ರೆ ತುದೀಲಿರೋ ರಬ್ಬರ್ ಟಿಪ್ಪೇ ಎಲ್ಲಾ. ಟಿಪ್ಪಿಗೂ ಕಿವಿ ಗೋಡೆಗೂ ಮಧ್ಯೆ ಕೂದಲೆಳೆಯಷ್ಟು ಸಂದಿ ಇದ್ರೂ ಬಾಸ್ ಸೋರಿ ಹೋಗುತ್ತೆ, ಉಳಿಯೋದು ಬರೀ ಚಿಣಿಚಿಣಿ ಸೌಂಡು, ಅದನ್ನ ಕೇಳಿ ಜನ ಈ ಇಯರ್‌ಫೋನ್ ಸರಿ ಇಲ್ಲ ಅಂತ ಮಾರಿಬಿಡ್ತಾರೆ. ಟೆಸ್ಟ್ ಮಾಡೋದು ಸುಲಭ. ಒಂದು ಒಳ್ಳೆ ಕಛೇರಿ ರೆಕಾರ್ಡಿಂಗ್ ಹಾಕಿ, ಬರೀ ತಾಳವಾದ್ಯ ನುಡಿಯೋ ತನಿ ಆವರ್ತನ ಬರೋ ಜಾಗಕ್ಕೆ ಹೋಗಿ, ಮೃದಂಗದ ಎಡಗಡೆಯ ಗುಮ್ಕಿ ಕೇಳಿ. ಆ ಗುಂಯ್ ಅನ್ನೋದು ಎದ್ದು ಬಾಗಿ ಇಳಿಯೋದು ಪೂರ್ತಿ ಕೇಳಿಸ್ಬೇಕು. ಬರೀ ತಪ್ ಅಂತ ಒಣಗಿದ ಹೊಡೆತ ಕೇಳಿಸ್ತಿದ್ರೆ ಸೀಲ್ ಆಗಿಲ್ಲ ಅಂತಾನೇ ಅರ್ಥ. ಹಿಂದೂಸ್ತಾನಿ ಕೇಳೋ ಧಾರವಾಡ ಕಡೆಯವರು ತಬಲಾದ ಡಗ್ಗಾ ಹಿಡ್ಕೊಂಡು ಇದೇ ಟೆಸ್ಟ್ ಮಾಡ್ಬಹುದು.

ಹಾಕೋ ರೀತೀನೂ ಇದೆ. ಬಲಗೈಯನ್ನ ತಲೆ ಹಿಂದಿನಿಂದ ತಂದು ಎಡಗಿವಿಯ ಮೇಲ್ತುದಿ ಹಿಡಿದು ಸ್ವಲ್ಪ ಮೇಲಕ್ಕೆ ಹಿಂದಕ್ಕೆ ಎಳೀರಿ, ಕಿವಿ ದಾರಿ ನೇರ ಆಗುತ್ತೆ, ಆಗ ಎಡಗೈಯಲ್ಲಿ ಇಯರ್‌ಫೋನನ್ನ ಸ್ವಲ್ಪ ತಿರುಗಿಸ್ತಾ ಒಳಗೆ ಬಿಡಿ. ಎರಡೂ ಕಿವಿಗೆ ಒಂದೇ ಸೈಜ್ ಟಿಪ್ ಆಗ್ಬೇಕು ಅಂತ ಏನೂ ಇಲ್ಲ, ಎಷ್ಟೋ ಜನಕ್ಕೆ ಒಂದು ಕಡೆ ಮೀಡಿಯಂ ಇನ್ನೊಂದು ಕಡೆ ಲಾರ್ಜ್ ಬೇಕಾಗುತ್ತೆ. ಸಿಲಿಕಾನ್ ಯಾವ್ದೂ ಕೂರ್ತಿಲ್ಲ ಅಂದ್ರೆ ಫೋಮ್ ಟಿಪ್ ನೋಡಿ, ಬೆರಳಲ್ಲಿ ಹೊಸೆದು ಸಣ್ಣ ಮಾಡಿ ಒಳಗಿಟ್ಟು ಅರ್ಧ ನಿಮಿಷ ಹಿಡಿದ್ರೆ ಉಬ್ಬಿ ಕೂತ್ಕೊಳುತ್ತೆ, ಆದ್ರೆ ಮೇಲಿನ ಸ್ವರಗಳ ಹೊಳಪು ಸ್ವಲ್ಪ ಮಂಕಾಗುತ್ತೆ ಮತ್ತೆ ಕೆಲವು ತಿಂಗಳಿಗೆ ಹಾಳಾಗುತ್ತೆ. ಕೆಲವು ನೂರು ರೂಪಾಯಿ ಟಿಪ್ಪು ಮಾಡೋ ವ್ಯತ್ಯಾಸಾನ ಹತ್ತು ಸಾವಿರದ ಕೇಬಲ್ ಮಾಡಲ್ಲ, ಇದನ್ನ ಬರ್ದಿಟ್ಕೊಳ್ಳಿ.

ಮಳೆಗಾಲದಲ್ಲಿ, ಅದ್ರಲ್ಲೂ ಕರಾವಳಿ ಮಲೆನಾಡು ಕಡೆ, ಒಂದು ಕಡೆ ಸೌಂಡ್ ಇದ್ದಕ್ಕಿದ್ದ ಹಾಗೆ ಸಣ್ಣ ಆಗೋದುಂಟು. ಡ್ರೈವರ್ (ಸೌಂಡ್ ಹೊರಡಿಸೋ ಭಾಗ) ಹೋಯ್ತು ಅಂತ ಗಾಬರಿ ಬೀಳ್ಬೇಡಿ. ನಾಜಲ್ (ಟಿಪ್ ಸಿಕ್ಕಿಸೋ ಕೊಳವೆ) ತುದೀಲಿ ಒಂದು ಸಣ್ಣ ಜಾಲರಿ ಇರುತ್ತೆ, ಅದರ ತೂತುಗಳಲ್ಲಿ ತೇವ ನಿಂತಿರುತ್ತೆ, ಇಲ್ಲಾ ಕಿವಿ ಗುಗ್ಗೆ ಕೂತಿರುತ್ತೆ. ಮೊಬೈಲ್ ಟಾರ್ಚ್ ಹಾಕಿ ಓರೆಯಾಗಿ ಹಿಡಿದು ನೋಡಿ, ಕಾಣ್ಸುತ್ತೆ. ಟಿಪ್ ತೆಗೆದು, ನಾಜಲ್ ಕೆಳಮುಖ ಮಾಡಿ ಮೆತ್ತನೆ ಬ್ರಷ್ಷಲ್ಲಿ ಒರೆಸಿ, ಪಿನ್ನು ಗಿನ್ನು ಚುಚ್ಚೋಕೆ ಹೋಗ್ಬೇಡಿ. ಆಮೇಲೆ ಶೂ ಡಬ್ಬದಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬೀಲಿ ರಾತ್ರಿ ಇಟ್ರೆ ಬಹುತೇಕ ಸರಿಹೋಗುತ್ತೆ.

ಈಗ ಫೈಲ್ ವಿಷ್ಯ. ಎಂಪಿ3ನ ಫ್ಲ್ಯಾಕ್ (ಏನೂ ಕಳೀದೆ ಹಾಡು ಉಳಿಸೋ ಥರದ ಫೈಲ್) ಮಾಡಿ ಹಂಚೋರು ಬೇಕಾದಷ್ಟು ಜನ ಇದ್ದಾರೆ, ಮಜ್ಜಿಗೇನ ಹಾಲಿನ ಕ್ಯಾನಿಗೆ ಸುರಿದ ಮಾತ್ರಕ್ಕೆ ಹಾಲಾಗುತ್ತಾ? ಕಂಪ್ಯೂಟರಲ್ಲಿ ಸ್ಪೆಕ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ಫೈಲ್ ಎಳೆದು ಹಾಕಿದ್ರೆ ಎಷ್ಟು ಎತ್ತರದ ಸ್ವರದವರೆಗೆ ಸೌಂಡ್ ಇದೆ ಅಂತ ತೋರ್ಸೋ ಬಣ್ಣದ ಚಿತ್ರ ಬರುತ್ತೆ. ನಿಜವಾದ ಸಿಡಿ ಫೈಲ್ ಆದ್ರೆ ಬಣ್ಣ 22 ಕಿಲೋಹರ್ಟ್ಜ್ ಹತ್ರದವರೆಗೂ ಹೋಗುತ್ತೆ. ಸುಮಾರು 16ರಲ್ಲಿ ಕತ್ತರಿಸಿದ ಹಾಗೆ ನಿಂತಿದ್ರೆ ಅದು 128 ಕೆಬಿಪಿಎಸ್ ಎಂಪಿ3 ವೇಷ ಹಾಕ್ಕೊಂಡ್ ಬಂದಿರೋದು ಅಂತ ಅನುಮಾನ ಪಡಬಹುದು, 20ರ ಹತ್ರ ನಿಂತಿದ್ರೆ 320 ಇರ್ಬಹುದು. ಆದ್ರೆ ಹಳೇ ಕಾಲದ ರೆಕಾರ್ಡಿಂಗಲ್ಲಿ ಮೇಲೆ ಏನೂ ಇಲ್ದೇ ಇರೋದು ಸಹಜ, ಅಲ್ಲಿ ಬಣ್ಣ ನಿಧಾನಕ್ಕೆ ಮಸುಕಾಗುತ್ತೆ, ಗೆರೆ ಎಳೆದ ಹಾಗೆ ನಿಲ್ಲಲ್ಲ.

ಮನೇಲಿ ಹಳೇ ಸಿಡಿಗಳಿದ್ರೆ ಎಸೀಬೇಡಿ, ಅವೇ ಬಂಗಾರ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್, ದೊರೆಸ್ವಾಮಿ ಅಯ್ಯಂಗಾರ್ ವೀಣೆ, ಹಳೇ ಸಿನಿಮಾ ಹಾಡು ಏನೇ ಇರ್ಲಿ, ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಂಡು ಸೆಕ್ಯೂರ್ ಮೋಡಲ್ಲಿ ಫ್ಲ್ಯಾಕ್‌ಗೆ ರಿಪ್ ಮಾಡಿ, ಅಂದ್ರೆ ಕಂಪ್ಯೂಟರಿಗೆ ನಕಲು ಮಾಡಿ. ಗೀರು ಬಿದ್ದ ಜಾಗಾನ ಮತ್ತೆ ಮತ್ತೆ ಓದುತ್ತೆ, ಆಕ್ಯುರೇಟ್‌ರಿಪ್ ಅನ್ನೋ ಡೇಟಾಬೇಸಲ್ಲಿ ಆ ಸಿಡಿ ಇದ್ರೆ ಬೇರೆಯವರು ಮಾಡಿದ ರಿಪ್ ಜೊತೆ ತಾಳೆ ನೋಡಿ ಹೇಳುತ್ತೆ. ರೀಮಾಸ್ಟರ್ ಅಂತ ಬರೋ ಹೊಸ ವರ್ಷನ್‌ಗಳ ಬಗ್ಗೆ ಮಾತ್ರ ಸ್ವಲ್ಪ ಹುಷಾರು. ಎಷ್ಟೋ ಸಲ ಜೋರಾಗಿ ಕೇಳ್ಲಿ ಅಂತ ಸಣ್ಣ ದನಿ ದೊಡ್ಡ ದನಿ ಎಲ್ಲಾನೂ ಒಂದೇ ಮಟ್ಟಕ್ಕೆ ತಂದು ಹಿಸುಕಿರ್ತಾರೆ, ಆಲಾಪದಲ್ಲಿ ಗಾಯಕ ಮೆಲ್ಲಗೆ ತೆಗೆಯೋ ಸ್ವರಕ್ಕೂ ತಾರಕದಲ್ಲಿ ಎತ್ತೋ ಸ್ವರಕ್ಕೂ ವ್ಯತ್ಯಾಸಾನೇ ಇರಲ್ಲ. ಅಂಥದ್ದು 24 ಬಿಟ್ಟಲ್ಲಿ ಬಂದ್ರೂ ಅಷ್ಟೇ, ನಾನಂತೂ 16 ಬಿಟ್ಟಿನ ಹಳೇ ಸಿಡೀನೇ ಕೇಳ್ತೀನಿ.

ಹಾಗಾದ್ರೆ ಹೈ-ರೆಸ್ ಸುಳ್ಳಾ? ಸುಳ್ಳಲ್ಲ, ಆದ್ರೆ ಕೇಳೋರಿಗೆ ಸಿಗೋ ಲಾಭ ತುಂಬಾ ಸಣ್ಣದು. ಸಿಡಿಯ 44.1 ಕಿಲೋಹರ್ಟ್ಜ್ ಅಂದ್ರೆ 22 ಕಿಲೋಹರ್ಟ್ಜ್‌ವರೆಗಿನ ಸ್ವರ ಹಿಡಿಯೋಕೆ ಸಾಕು, ಮನುಷ್ಯನ ಕಿವಿ 20ಕ್ಕೆ ನಿಲ್ಲುತ್ತೆ, ವಯಸ್ಸಾದ ಹಾಗೆ ಅದೂ ಇಳಿಯುತ್ತೆ. 16 ಬಿಟ್ಟು ಅಂದ್ರೆ ಅತಿ ಸಣ್ಣ ದನಿಗೂ ಅತಿ ದೊಡ್ಡ ದನಿಗೂ ಸುಮಾರು 96 ಡೆಸಿಬೆಲ್ ಅಂತರ, ನಮ್ಮನೆ ಫ್ಯಾನ್ ಸೌಂಡೇ ಅದರಲ್ಲಿ ಒಂದು ಭಾಗ ನುಂಗಿ ಹಾಕುತ್ತೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನೋರು ಹೈ-ರೆಸ್ ಡಿಸ್ಕನ್ನ ನೇರವಾಗಿ ಒಂದ್ಸಲ, ಸಿಡಿ ಮಟ್ಟಕ್ಕೆ ಇಳಿಸಿ ಒಂದ್ಸಲ ಕೇಳಿಸಿ ಯಾವ್ದು ಯಾವ್ದು ಅಂತ ಕೇಳಿದ್ರು, 554 ಸಲದಲ್ಲಿ 276 ಸಲ ಸರಿ ಉತ್ತರ, ಅಂದ್ರೆ ನಾಣ್ಯ ಚಿಮ್ಮಿದ ಲೆಕ್ಕ. 2016ರಲ್ಲಿ ಲಂಡನ್ ಕ್ವೀನ್ ಮೇರಿ ಯೂನಿವರ್ಸಿಟಿಯ ಜೋಶುವಾ ರೈಸ್ 18 ಅಧ್ಯಯನಗಳನ್ನ ಒಟ್ಟಿಗೆ ಹಾಕಿ ನೋಡಿದಾಗ ಸರಿ ಉತ್ತರ 52.3 ಪರ್ಸೆಂಟ್ ಬಂತು, ತರಬೇತಿ ಪಡೆದು ಕೂತವರಲ್ಲಿ ಇನ್ನೂ ಜಾಸ್ತಿ. ಅಂದ್ರೆ ಏನೋ ಇದೆ, ಆದ್ರೆ ಬಸ್ಸಲ್ಲಿ ಕೂತು ಕೇಳೋರಿಗೆ ಅಲ್ಲ. ಕಾರ್ಡಲ್ಲಿ ಜಾಗಾನೂ ನೋಡಿ: ನಾಲ್ಕು ನಿಮಿಷದ ಹಾಡು ಸಿಡಿ ಫ್ಲ್ಯಾಕ್ ಆದ್ರೆ ಹೆಚ್ಚುಕಮ್ಮಿ 25-30 ಎಂಬಿ, ಅದೇ 24/192 ಆದ್ರೆ ಅದರ ಐದಾರು ಪಟ್ಟು.

ಕಾರ್ಡ್ ಅಂದ ಮೇಲೆ ನೆನಪಾಯ್ತು, ಅಗ್ಗಕ್ಕೆ ಸಿಗೋ ದೊಡ್ಡ ಸೈಜ್ ಮೈಕ್ರೋ ಎಸ್‌ಡಿ ಕಾರ್ಡುಗಳಲ್ಲಿ ನಕಲಿ ಜಾಸ್ತಿ. ಹಾಡು ತುಂಬೋ ಮುಂಚೆ ವಿಂಡೋಸಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಅಥವಾ ಮ್ಯಾಕಲ್ಲಿ ಎಫ್3 ಅನ್ನೋ ಟೆಸ್ಟ್ ಸಾಫ್ಟ್‌ವೇರ್ ಹಾಕಿ ಪೂರ್ತಿ ಬರೆಸಿ ಓದಿಸಿ ನೋಡಿ, ಆಮೇಲೆ ಎಕ್ಸ್‌ಫ್ಯಾಟಲ್ಲಿ ಫಾರ್ಮ್ಯಾಟ್ ಮಾಡಿ.

ಪ್ಲೇಯರ್ ಒಳಗಿನ ಸೆಟ್ಟಿಂಗ್ಸಲ್ಲಿ ಮೊದ್ಲು ನೋಡ್ಬೇಕಾದ್ದು ಗೇನ್. ಇಯರ್‌ಫೋನಿಗೆ ಲೋ ಗೇನ್ ಸಾಕು, ಹೈ ಹಾಕಿದ್ರೆ ಹಾಡು ನಿಂತಾಗ ಸಣ್ಣದಾಗಿ ಸ್‌ಸ್‌ಸ್ ಅನ್ನೋ ಹಿಸ್ ಕೇಳಿಸ್ಬಹುದು, ವಾಲ್ಯೂಮ್ ಗುಂಡಿ ಒಂದು ಮೆಟ್ಟಿಲು ಒತ್ತಿದ್ರೂ ಜೋರಾಗುತ್ತೆ. ಹೈ ಗೇನ್ ಬೇಕಾಗೋದು ಸೆನ್‌ಹೈಸರ್ ಎಚ್‌ಡಿ 600 ಥರದ 300 ಓಮ್‌ನ ದೊಡ್ಡ ಹೆಡ್‌ಫೋನಿಗೆ. ಇನ್ನೊಂದು, ಪ್ಲೇಯರಿನ ಔಟ್‌ಪುಟ್ ಇಂಪೀಡೆನ್ಸು (ಕರೆಂಟಿಗೆ ಒಡ್ಡೋ ತಡೆ, ಓಮ್ ಲೆಕ್ಕದಲ್ಲಿ) ಇಯರ್‌ಫೋನಿನದ್ದರ ಎಂಟನೇ ಒಂದು ಭಾಗಕ್ಕಿಂತ ಕಮ್ಮಿ ಇರ್ಬೇಕು ಅನ್ನೋದು ಎಲ್ಲರೂ ಒಪ್ಪೋ ಲೆಕ್ಕ, 16 ಓಮ್ ಇಯರ್‌ಫೋನಿಗೆ 2 ಓಮ್ ಒಳಗೆ. ಒಳಗೆ ನಾಲ್ಕೈದು ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನೋ ಥರದ ಸಣ್ಣ ಡ್ರೈವರ್ ಇರೋ ಇಯರ್‌ಫೋನ್‌ಗಳಲ್ಲಿ ಇದು ತಪ್ಪಿದ್ರೆ ಸೌಂಡಿನ ಬಣ್ಣಾನೇ ಬದಲಾಗುತ್ತೆ. ಬಾಸ್ ಬೂಸ್ಟ್, 3ಡಿ ಸರೌಂಡ್, ಅಪ್‌ಸ್ಕೇಲಿಂಗ್ ಎಲ್ಲಾ ಆಫ್ ಮಾಡಿ ಶುರು ಮಾಡಿ. ಡಿಎಸಿ (ಫೈಲಿನ ನಂಬರನ್ನ ಸೌಂಡ್ ಸಿಗ್ನಲ್ ಮಾಡೋ ಚಿಪ್) ಫಿಲ್ಟರ್ ಅಂತ ನಾಲ್ಕೈದು ಆಪ್ಷನ್ ಕೊಟ್ಟಿರ್ತಾರೆ, ಒಂದು ಆರಿಸಿ ಮರೆತುಬಿಡಿ.

4.4 ಎಂಎಂ ಬ್ಯಾಲೆನ್ಸ್ಡ್ ಜ್ಯಾಕ್ ಬಗ್ಗೆ ತುಂಬಾ ಕೇಳ್ತಾರೆ. ಅದರಲ್ಲಿ ಪವರ್ ಜಾಸ್ತಿ, ಹಾಗಾಗಿ ಅದೇ ವಾಲ್ಯೂಮ್ ನಂಬರಲ್ಲಿ ಜೋರಾಗಿ ಕೇಳ್ಸುತ್ತೆ, ಜೋರಾಗಿದ್ದು ಕಿವಿಗೆ ಚೆನ್ನಾಗಿದೆ ಅನ್ಸುತ್ತೆ, ಅಷ್ಟೇ ಬಹುಪಾಲು. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಹೋಲಿಸಿ, ಆಮೇಲೆ ದುಡ್ಡು ಹಾಕೋದು ಬಿಡೋದು ನೋಡಿ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳ್ತೀನಿ: ಪ್ಲೇಯರಿನ 4.4 ತೂತಿಗೆ ಅಡಾಪ್ಟರ್ ಹಾಕಿ 3.5ರ ಮಾಮೂಲಿ ಹೆಡ್‌ಫೋನಿಗೋ ಕಾರಿನ ಆಕ್ಸ್‌ಗೋ ಕೊಡ್ಬೇಡಿ. ಬ್ಯಾಲೆನ್ಸ್ಡಲ್ಲಿ ಎಡಕ್ಕೊಂದು ಬಲಕ್ಕೊಂದು ನೆಗೆಟಿವ್ ಬೇರೆ ಬೇರೆ ಇರುತ್ತೆ, ಎರಡನ್ನೂ ಸೇರಿಸಿ ಗ್ರೌಂಡಿಗೆ ಕೊಟ್ರೆ ಒಳಗಿನ ಆಂಪ್ಲಿಫೈಯರ್ ಸುಡಬಹುದು. ಕಾರಿಗೆ, ಮನೆ ಆಂಪ್ಲಿಫೈಯರಿಗೆ 3.5ರ ಲೈನ್ ಔಟ್ ಇದೆ, ಅದನ್ನೇ ಬಳಸಿ, ಕಾರಲ್ಲಿ ಚಾರ್ಜ್ ಮಾಡ್ತಾ ಕೇಳಿದ್ರೆ ಎಂಜಿನ್ ಏರಿದ ಹಾಗೆ ಕುಂಯ್ ಅಂತ ಬರೋ ಸೌಂಡು ಚಾರ್ಜರ್ ಕಿತ್ತರೆ ಹೋಗುತ್ತೆ.

ಬ್ಲೂಟೂತ್ ಇಯರ್‌ಬಡ್ಸ್ ಹಾಕ್ಕೊಂಡು ಡ್ಯಾಪಲ್ಲಿ ಕೇಳೋರಿಗೆ ಒಂದು ಮಾತು, ನೀವು ದುಡ್ಡು ಕೊಟ್ಟ ಡಿಎಸಿ ಆಗ ಕೆಲ್ಸಾನೇ ಮಾಡ್ತಿರಲ್ಲ, ಬಡ್ಸ್ ಒಳಗಿನ ಚಿಪ್ಪೇ ಎಲ್ಲಾ ಮಾಡೋದು. ಹಾಗೂ ಬೇಕು ಅಂದ್ರೆ ಎಲ್‌ಡ್ಯಾಕ್ (ಬ್ಲೂಟೂತಲ್ಲಿ ಹೆಚ್ಚು ಡೇಟಾ ಕಳಿಸೋ ವಿಧಾನ) ಆನ್ ಮಾಡಿ, 330, 660, 990 ಕೆಬಿಪಿಎಸ್ ಅಂತ ಮೂರು ಮಟ್ಟ ಇದೆ, ಮೆಜೆಸ್ಟಿಕ್ ಥರ ಜನ ತುಂಬಿದ ಕಡೆ 990 ಇಟ್ರೆ ಕಟ್ ಕಟ್ ಆಗುತ್ತೆ, 660ಕ್ಕೆ ಇಳಿಸಿ.

ಇಕ್ಯೂ ಅಂದ್ರೆ ಮೂಗು ಮುರಿಯೋ ಜನ ಇದ್ದಾರೆ, ಅವರ ಮಾತು ಕೇಳ್ಬೇಡಿ. ಟಿಪ್ಪು, ಒಳ್ಳೆ ರೆಕಾರ್ಡಿಂಗ್ ಆದ ಮೇಲೆ ಅತಿ ಹೆಚ್ಚು ಕೆಲ್ಸ ಮಾಡೋದು ಬೇಕಾದ ಜಾಗ ಆರಿಸಿ ಏರಿಸಿ ಇಳಿಸೋ ಪ್ಯಾರಾಮೆಟ್ರಿಕ್ ಇಕ್ಯೂನೇ. ಆಟೋಇಕ್ಯೂ ಅನ್ನೋ ಪ್ರಾಜೆಕ್ಟಲ್ಲಿ ಸಾವಿರಾರು ಹೆಡ್‌ಫೋನಿಗೆ ರೆಡಿ ಲೆಕ್ಕ ಇದೆ, ನಿಮ್ಮ ಮಾಡೆಲ್ ಹುಡುಕಿ ಆ ನಂಬರ್‌ಗಳನ್ನ ಹಾಕಿ, ಅಲ್ಲಿಂದ ನಿಮ್ಮ ಕಿವಿಗೆ ತಕ್ಕ ಹಾಗೆ ತಿದ್ದಿ. ಪಿಟೀಲು ಚುಚ್ತಿದ್ರೆ, ಸ ಶ ಅಕ್ಷರಗಳು ಸೀಟಿ ಹೊಡೆದ ಹಾಗೆ ಕೇಳ್ತಿದ್ರೆ 6ರಿಂದ 8 ಕಿಲೋಹರ್ಟ್ಜ್ ಮಧ್ಯೆ ಎರಡ್ಮೂರು ಡೆಸಿಬೆಲ್ ಇಳಿಸಿ ನೋಡಿ. ಬಾಸ್ 5 ಡೆಸಿಬೆಲ್ ಏರಿಸಿದ್ರೆ ಪ್ರಿಆಂಪ್ (ಒಟ್ಟು ಸೌಂಡ್ ಮಟ್ಟ) ಅನ್ನೋದನ್ನ ಮೈನಸ್ 5 ಮಾಡೋದು ಮರೀಬೇಡಿ, ಇಲ್ಲಾಂದ್ರೆ ಜೋರಾದ ಜಾಗದಲ್ಲಿ ಸೌಂಡ್ ಒಡೆಯುತ್ತೆ. ಹಾಡಿಂದ ಹಾಡಿಗೆ ವಾಲ್ಯೂಮ್ ಏರಿಳಿಯೋದು ತಪ್ಪಿಸೋಕೆ ರೀಪ್ಲೇಗೇನ್ ಆನ್ ಮಾಡಿ, ಪೂರ್ತಿ ಆಲ್ಬಂ ಕೇಳೋರು ಆಲ್ಬಂ ಮೋಡ್, ಎಲ್ಲಾ ಕಲಸಿ ಕೇಳೋರು ಟ್ರ್ಯಾಕ್ ಮೋಡ್.

ವಾಲ್ಯೂಮಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್ಲಲ್ಲಿ, 3 ಡೆಸಿಬೆಲ್ ಏರಿದಾಗೆಲ್ಲ ಟೈಮ್ ಅರ್ಧ ಆಗ್ತಾ ಹೋಗುತ್ತೆ. ಟಿಪ್ ಸರಿಯಾಗಿ ಸೀಲ್ ಆಗಿದ್ರೆ ಹೊರಗಿನ ಗದ್ದಲ ಒಳಗೆ ಬರಲ್ಲ, ವಾಲ್ಯೂಮ್ ತಾನಾಗೇ ಕಮ್ಮಿ ಇಡ್ತೀರಿ.

ಇನ್ನೂ ಪ್ಲೇಯರ್ ತಗೊಂಡಿಲ್ಲ, ಯೋಚ್ನೆ ಮಾಡ್ತಿದ್ದೀನಿ ಅನ್ನೋರು ಮೊದ್ಲು ಫೋನಿಗೆ ಹಾಕೋ ಸಣ್ಣ ಡಾಂಗಲ್ ಡಿಎಸಿ ತಗೊಂಡು ನೋಡಿ. ಆ್ಯಪಲ್‌ನ ಟೈಪ್ ಸಿ ಡಾಂಗಲ್ಲು ಅದರ ಬೆಲೆಗೆ ತುಂಬಾ ಶುದ್ಧ, ಆದ್ರೆ ಎಷ್ಟೋ ಆಂಡ್ರಾಯ್ಡ್ ಫೋನಲ್ಲಿ ವಾಲ್ಯೂಮ್ ಕಮ್ಮಿ ಬರುತ್ತೆ, ಮತ್ತೆ ಆಂಡ್ರಾಯ್ಡ್ ಮಾಮೂಲಿಯಾಗಿ ಎಲ್ಲಾನೂ 48 ಕಿಲೋಹರ್ಟ್ಜ್‌ಗೆ ತಿರುಗಿಸಿ ಕಳಿಸುತ್ತೆ. ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಅನ್ನೋ ಆ್ಯಪ್ ದುಡ್ಡು ಕೊಟ್ಟು ತಗೊಂಡ್ರೆ ಎರಡಕ್ಕೂ ಬಹುಮಟ್ಟಿಗೆ ಪರಿಹಾರ ಸಿಗುತ್ತೆ. ಉಳಿದ ದುಡ್ಡಲ್ಲಿ ಒಳ್ಳೆ ಇಯರ್‌ಫೋನ್ ತಗೊಳ್ಳಿ, ಜೊತೆಗೆ ಎರಡ್ಮೂರು ಥರದ ಟಿಪ್ಪು.